ಹೊಸ್ತಿಲಾಚೆಯ ಕಾರು

ದೇವರೇ ಎದುರಿಗೆ ಬಂದು ನಿಂತರೂ ಕೂಡ್ಲಿಗಿಯ ಮಾರೇಶ ಮೊದಲು ಟಿಕೆಟ್ ಕೇಳುತ್ತಾನೆ ಎಂದು ಊರಲ್ಲಿ ಒಂದು ಮಾತಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದೇ ಅವನ ನೌಕರಿ. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಹತ್ತಿ, ಕೂತವರ ಮುಖಗಳನ್ನು ಒಂದು ಸುತ್ತು ನೋಡಿದರೆ ಸಾಕು, ಯಾರ ಹತ್ತಿರ ಟಿಕೆಟ್ ಇಲ್ಲ ಎಂದು ಅವನ ಮೂಗಿಗೆ ವಾಸನೆ ಬಡಿಯುತ್ತಿತ್ತು. ನಿದ್ದೆ ಬಂದವರಂತೆ ಕಣ್ಣು ಮುಚ್ಚುವವರು, ಫೋನಿನಲ್ಲಿ ಸುಮ್ಮಸುಮ್ಮನೆ ಜೋರಾಗಿ ಮಾತಾಡುವವರು, ಇವರೆಲ್ಲ ಸಣ್ಣ ಕಳ್ಳರು. ದೊಡ್ಡ ಕಳ್ಳ ಬೇರೆ. ಕೇಳುವ ಮೊದಲೇ ಟಿಕೆಟ್ ಎತ್ತಿ ಹಿಡಿದು ನಗುತ್ತಾನಲ್ಲ, ಅವನು. ಕೊಟ್ಟೂರಿಗೆ ಟಿಕೆಟ್ ತೆಗೆಸಿ ಹಗರಿಬೊಮ್ಮನಹಳ್ಳಿವರೆಗೂ ಅಲ್ಲಾಡದೆ ಕೂತಿರುವವನು ಅವನೇ. ನೌಕರಿಯಲ್ಲಿ ಮಾರೇಶ ಕಲಿತ ವೇದಾಂತ ಅದೊಂದೇ: ತಾನಾಗಿ ತೋರಿಸಲು ಬರುವವನನ್ನು ನಂಬಬೇಡ.

ಈ ಗುಣ ನೌಕರಿಯಲ್ಲಿ ಅವನಿಗೆ ಹೆಸರು ತಂದಿತು, ಮನೆಯಲ್ಲಿ ಹೆಂಡತಿ ಗೀತಮ್ಮನ ತಲೆ ತಿಂದಿತು. ಹಾಲು ಹಾಕುವವಳ ಮೇಲೆ ಗುಮಾನಿ, ಗ್ಯಾಸ್ ಸಿಲಿಂಡರಿನ ತೂಕದ ಮೇಲೆ ಗುಮಾನಿ. "ನನ್ನ ಕಟ್ಕೊಳ್ಳೋವಾಗ ಮಾತ್ರ ಹೆಂಗ ನಂಬಿದ್ರಿ?" ಎಂದು ಅವಳು ಕೇಳಿದರೆ, "ನಿಮ್ಮ ಓಣ್ಯಾಗ ಮೂರು ಮನಿ ವಿಚಾರಿಸಿನೇ ಬಂದಿದ್ನಿ" ಎಂದು ನಾಚಿಕೆಯಿಲ್ಲದೆ ಹೇಳುವ ಪುಣ್ಯಾತ್ಮ ಅವನು.

ಇಂಥವನಿಗೂ ಒಂದು ಹುಚ್ಚು ಆಸೆಯಿತ್ತು. ಜನ್ಮವೆಲ್ಲ ಬೇರೆಯವರು ಓಡಿಸುವ ಬಸ್ಸಿನಲ್ಲಿ ಜೋತಾಡಿದವನಿಗೆ ಒಮ್ಮೆ ತನ್ನ ಕೈಯಲ್ಲೇ ಸ್ಟಿಯರಿಂಗ್ ಹಿಡಿದು ಜೋರಾಗಿ ಓಡಬೇಕು ಎನ್ನುವ ಆಸೆ. ಅದೂ ಸಂಸಾರಸ್ಥರ ಡಬ್ಬಿಯಂಥ ಕಾರಿನಲ್ಲಲ್ಲ. ಅವನ ಕಣ್ಣು ಬಿದ್ದಿದ್ದು ಭಾಮೈದ ಅಂಜಿನಿಯ ಕೆಂಪು ಕಾರಿನ ಮೇಲೆ.

ಅಂಜಿನಿ ಗೀತಮ್ಮನ ಒಬ್ಬನೇ ತಮ್ಮ. ಹಡಗಲಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ತಾಯಿ ತಿಪ್ಪೇರುದ್ರಮ್ಮ ಅವನ ಜೊತೆಗೇ ಇದ್ದಳು. ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಅವನು ಆ ಹಳೆಯ ಕಾರು ತಂದಿದ್ದ. ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂಥ ಕಾರು. ಅಗಲವಾದ ಟೈರು, ಹಿಂದೆ ರೆಕ್ಕೆಯಂಥ ಪಟ್ಟಿ, ಸ್ಟಾರ್ಟ್ ಮಾಡಿದರೆ ಹೋರಿ ಗುಟುರು ಹಾಕಿದ ಸದ್ದು. ಹಡಗಲಿಗೆ ಹೋದಾಗೆಲ್ಲ ಮಾರೇಶ ಉಂಡ ಕೈ ತೊಳೆದವನೇ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಈಗ ಅಂಜಿನಿಯೇ ಫೋನು ಮಾಡಿ, ಕಾರು ಮಾರುತ್ತಿದ್ದೇನೆ, ಹೊರಗಿನವರಿಗೆ ಕೊಡುವ ಬದಲು ಮಾವನೇ ತಗೊಳ್ಳಲಿ ಎಂದಿದ್ದ.

ಮಾರೇಶನಿಗೆ ಖುಷಿಯಾಯಿತು. ಫೋನು ಕೆಳಗಿಟ್ಟ ಕೂಡಲೇ ಗುಮಾನಿಯಾಯಿತು.

"ಇಷ್ಟು ಚಂದದ ಗಾಡಿ ಯಾಕ ಮಾರ್ತಾನ?"

"ನಮ್ಮವ್ವಗ ಮೊಣಕಾಲು ನೋವಲ್ಲೇನ್ರಿ. ಆ ತಗ್ಗಿನ ಸೀಟಿನಾಗ ಇಳಿಯಾಕ ಏಳಾಕ ಆಗವಲ್ದಂತ. ಎತ್ತರದ ಗಾಡಿ ತಗೊಂತಾನಂತ" ಎಂದಳು ಗೀತಮ್ಮ.

"ಮೊಣಕಾಲು ನೋವಿಗೆ ಎಣ್ಣಿ ಹಚ್ತಾರ. ಕಾರು ಮಾರ್ತಾರೇನು?"

ಗೀತಮ್ಮ ಕೈಯಲ್ಲಿದ್ದ ಮೊರ ಪಕ್ಕಕ್ಕಿಟ್ಟಳು. "ನೋಡ್ರಿ, ಕಾರು ತಗೋರಿ, ಬಿಡ್ರಿ, ಅದು ನಿಮಗ ಬಿಟ್ಟಿದ್ದು. ಅಪ್ಪ ಹೋದಮ್ಯಾಲೆ ನನಗ ತವರು ಅಂದ್ರ ಅವನೊಬ್ನ. ಈ ಕಾರಿನ ಸಲುವಾಗಿ ನನ್ನ ತವರಿನ ಬಾಗ್ಲ ಮಾತ್ರ ಮುಚ್ಚಬ್ಯಾಡ್ರಿ."

"ನಾನೇನು ಅಷ್ಟು ಕೆಟ್ಟವನೇನು?" ಎಂದ ಮಾರೇಶ. ಗೀತಮ್ಮ ಮತ್ತೆ ಮೊರ ಎತ್ತಿಕೊಂಡಳು.

ಮುಂದಿನ ಭಾನುವಾರ ಗಂಡ ಹೆಂಡತಿ ಬಸ್ಸು ಬದಲಿಸಿ ಹಡಗಲಿಗೆ ಹೋದರು. ಅಂಜಿನಿ ಕಾರನ್ನು ತೊಳೆದು ಬೇವಿನ ಮರದ ನೆರಳಿಗೆ ನಿಲ್ಲಿಸಿದ್ದ. ಚಹಾ ಕುಡಿಯುವ ಮೊದಲೇ ಶುರುಮಾಡಿದ.

"ಮಾವ, ಮೊದ್ಲ ಹೇಳಿಬಿಡ್ತೀನಿ. ಇದರ ಗೇರ್‌ಬಾಕ್ಸು ನೆಟ್ಟಗಿಲ್ಲ. ಬಿಸಿಲಾಗ ಭಾಳ ಹೊತ್ತು ಓಡಿಸಿದ್ರ ಎರಡನೇ ಗೇರಿಗೆ ಜಗ್ಗಿ ಜಗ್ಗಿ ಬೀಳ್ತೈತಿ. ಒಮ್ಮೆ ಚಿಗಟೇರಿ ಹತ್ರ ನಿಂತುಬಿಟ್ಟಿತ್ತು, ಟ್ರ್ಯಾಕ್ಟರಿಗೆ ಕಟ್ಟಿ ಎಳಸ್ಕೊಂಡು ಬಂದ್ನಿ. ಸಾಮಾನು ಬೇಕಂದ್ರ ಹುಬ್ಬಳ್ಳಿಗೇ ಹೋಗಬೇಕು. ಎಸಿ ಒಮ್ಮೊಮ್ಮೆ ಮಲಗ್ತೈತಿ. ಇಷ್ಟು ಬಿಟ್ರ ಕಾರು ಬಂಗಾರ. ಎಲ್ಲಾ ಗೊತ್ತಿದ್ದು ತಗೊಳ್ರಿ."

ಬೇರೆ ಯಾರಾದರೂ ಆಗಿದ್ದರೆ, ಇಂಥ ಭಾಮೈದನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದುಕೊಳ್ಳುತ್ತಿದ್ದರು. ಮಾರೇಶನಿಗೆ ಕಂಡದ್ದು ಬಸ್ಸಿನಲ್ಲಿ ಎತ್ತಿ ಹಿಡಿದ ಟಿಕೆಟ್. ಸಣ್ಣ ತಪ್ಪು ತಾನಾಗಿ ಒಪ್ಪಿಕೊಳ್ಳುತ್ತಿದ್ದಾನೆ ಎಂದರೆ ಹಿಂದೆ ದೊಡ್ಡದೊಂದು ಮುಚ್ಚಿಟ್ಟಿದ್ದಾನೆ. ಎಲ್ಲಿ?

ಆದರೂ ಕೀಲಿ ಕೈಗೆ ಬಂದ ಮೇಲೆ ಅವನ ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕಿತು. ಊರು ದಾಟಿ, ಎರಡೂ ಕಡೆ ಮೆಕ್ಕೆಜೋಳದ ಹೊಲಗಳ ನಡುವೆ ರಸ್ತೆ ನೆಟ್ಟಗಾದಾಗ ಕಾಲು ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು. ಚಿಕ್ಕಂದಿನ ಜೋಕಾಲಿ ಜೀಕಿದ ಹಾಗಾಯಿತು. ಪಕ್ಕದಲ್ಲಿ ಕೂತ ಅಂಜಿನಿ, "ನಿಧಾನ ಮಾವ, ಅಕ್ಕನ ಮಾರಿ ನೋಡ್ಕೊಂಡು ಓಡಿಸ್ರಿ" ಎಂದು ನಕ್ಕ. ಹಿಂದೆ ಗೀತಮ್ಮ ದೇವರ ಹೆಸರು ಹೇಳುತ್ತಿದ್ದಳು. ಮಾರೇಶನಿಗೆ ಮಾತ್ರ, ಈ ಕಾರು ನನ್ನದಾಗದಿದ್ದರೆ ನಾನು ಬದುಕಿ ಏನು ಉಪಯೋಗ ಎನ್ನಿಸಿಬಿಟ್ಟಿತು.

ಅಷ್ಟು ಆಸೆಯಾಗಿದ್ದೇ ತಪ್ಪಾಯಿತು. ತನ್ನ ಆಸೆಯನ್ನೇ ನಂಬದ ಮನುಷ್ಯ ಅವನು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ ಮೇಲೆ, ಅಂಜಿನಿ ಒಳಗೆ ನೀರು ತರಲು ಹೋದಾಗ, ಕಾಲಡಿಯ ಮ್ಯಾಟು ಎತ್ತಿದ. ಹಳೇ ಕಾರು ಕೊಳ್ಳುವಾಗ ಮೊದಲು ಮ್ಯಾಟು ಎತ್ತಿ ನೋಡಬೇಕು ಎಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದ. ಸೀಟು ಜರುಗುವ ಕಬ್ಬಿಣದ ಪಟ್ಟಿಯ ಸಂದಿಯಲ್ಲಿ, ಬೋಲ್ಟಿನ ಸುತ್ತ, ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು.

 ಹೋದ ಮಳೆಗಾಲದಲ್ಲಿ ಹಡಗಲಿಯ ಕಡೆ ತುಂಗಭದ್ರಾ ಹೊಳೆ ದಂಡೆ ಮೀರಿ ಬಂದಿದ್ದು ಮಾರೇಶನಿಗೆ ಗೊತ್ತಿತ್ತು. ಹೊಳೆಯ ಕೆಸರು ಒಣಗಿದರೆ ಹೀಗೆಯೇ ಹಳದಿ ಮಣ್ಣಾಗಿ ಸಂದಿಗೊಂದಿಯಲ್ಲಿ ಕೂರುತ್ತದೆ. ನೀರು ಕುಡಿದ ಕಾರು! ಹೊರಗೆ ಎಷ್ಟು ತೊಳೆದರೇನು, ಒಳಗಿನ ವೈರು ಒಂದೊಂದೇ ಕೊಳೆತು, ಒಂದು ದಿನ ನಡುದಾರಿಯಲ್ಲಿ ಸತ್ತು ಮಲಗುವ ಕಾರು.

"ಇದೇನಲೇ ಅಂಜಿನಿ, ಹಳದಿ?" ಎಂದ, ಆದಷ್ಟು ಹಗುರವಾಗಿ.

ನೀರು ತಂದ ಅಂಜಿನಿ ಬಗ್ಗಿ ನೋಡಿ ನಕ್ಕ. "ಅಯ್ಯ, ಭಂಡಾರ ಮಾವ. ಮೈಲಾರಕ್ಕ ಹೋದಾಗ ನಮ್ಮವ್ವ ದಾರ್ಯಾಗ ದೊಡ್ಡ ಪಾಕೀಟು ತಗೊಂಡಿದ್ಲು. ಏಳುಕೋಟಿ ಅಂತ ದೇವರ ಹೆಸರು ಕೂಗಿ ಕಾರಿನ ಒಳಗೂ ಹೊರಗೂ ಎರಚಿಬಿಟ್ಲು. ಉಳಿದದ್ದನ್ನ ಅಕ್ಕಗ ಕಳಿಸಿದ್ಲಲ್ಲ, ನಿಮ್ಮ ದೇವರ ಜಗುಲಿ ಮ್ಯಾಲೆ ಇರಬೇಕು ನೋಡ್ರಿ."

ಒಳಗಿನಿಂದ ತಿಪ್ಪೇರುದ್ರಮ್ಮ, "ಹೌದಪ್ಪ, ದೇವರ ಭಂಡಾರ. ತೊಳಿಬ್ಯಾಡ ಅಂದೀನಿ" ಎಂದಳು.

ಎಷ್ಟು ಬೇಗ ಉತ್ತರ ಬಂತು! ತಾಯಿ ಮಗ ಮೊದಲೇ ಮಾತಾಡಿಕೊಂಡಂತಿದೆ ಎಂದುಕೊಂಡ ಮಾರೇಶ. ಭಂಡಾರ ಎಂದ ಮೇಲೆ ಆ ಕಡೆಯ ಯಾವ ಮನುಷ್ಯ ತಾನೇ ಮರುಮಾತಾಡುತ್ತಾನೆ? ಮೈಲಾರಲಿಂಗನ ಅರಿಶಿನ ಪುಡಿ ಅದು, ಹಣೆಗಿಟ್ಟುಕೊಂಡು ಸುಮ್ಮನಾಗಬೇಕು. ಕಳ್ಳತನಕ್ಕೆ ದೇವರನ್ನು ಕಾವಲಿಗೆ ಕೂರಿಸಿದ್ದಾನೆ ಮಗ. ಅಂಜಿನಿ ಆಚೆ ತಿರುಗಿದ್ದೇ ತಡ, ಮಾರೇಶ ಉಗುರಿನಿಂದ ಒಂದು ಚಿಟಿಕೆ ಕೆರೆದು, ಜೇಬಿನಲ್ಲಿದ್ದ ಕಾಗದದಲ್ಲಿ ಪೊಟ್ಟಣ ಕಟ್ಟಿದ. ಬರುವ ಭಾನುವಾರ ಕಾರನ್ನು ಕೂಡ್ಲಿಗಿಗೆ ತಾ, ಅಲ್ಲೇ ಮಾತು ಮುಗಿಸೋಣ ಎಂದು ಹೇಳಿ ಹೊರಟ.

ಮನೆಗೆ ಬಂದವನೇ ಸ್ಟೀಲ್ ತಟ್ಟೆ ಕೇಳಿದ. ಅಡಿಗೆಮನೆಯ ಅರಿಶಿನ ಒಂದು ಕಡೆ, ಪೊಟ್ಟಣದ ಹಳದಿ ಒಂದು ಕಡೆ ಹಾಕಿದ. ಎಲೆಅಡಿಕೆ ಹಾಕುವ ಚಟ ಅವನಿಗಿತ್ತು, ಸುಣ್ಣದ ಡಬ್ಬಿ ಜೇಬಿನಲ್ಲೇ ಇತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಆರತಿಗೆ ಓಕುಳಿ ಕದಡುವ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡಕ್ಕೂ ಒಂದೊಂದು ಬೆರಳು ಸುಣ್ಣ, ಒಂದೊಂದು ಹನಿ ನೀರು. ಅಡಿಗೆಮನೆಯ ಅರಿಶಿನ ರಕ್ತದಂತೆ ಕೆಂಪಾಯಿತು. ಕಾರಿನದು ಹಳದಿಯಾಗಿಯೇ ಉಳಿಯಿತು.

"ನೋಡಿದೇನು?" ಮಾರೇಶನ ದನಿಯಲ್ಲಿ ಗೆಲುವಿತ್ತು. ತನಗೆ ಮೋಸವಾಗಿದೆ ಎಂದು ತಿಳಿದಾಗ ಇಷ್ಟು ಸಂತೋಷಪಡುವ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. "ಭಂಡಾರ ಅಂತ, ಭಂಡಾರ! ಹೊಳಿ ಕೆಸರು ಇದು."

ಗೀತಮ್ಮ ತಟ್ಟೆಯನ್ನೇ ನೋಡಿದಳು. ಕಣ್ಣು ಸುಳ್ಳು ಹೇಳುತ್ತಿರಲಿಲ್ಲ, ಆದರೆ ತಮ್ಮನೂ ಸುಳ್ಳು ಹೇಳುವವನಲ್ಲ. "ನಮ್ಮ ಅಂಜಿನಿ ಹಂಗ ಮಾಡಂಗಿಲ್ಲ" ಎಂದಳು, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ. ಆಮೇಲೆ ಗಂಡನ ಕೈ ಹಿಡಿದುಕೊಂಡಳು. "ಕಾರು ಬ್ಯಾಡ ಅಂದ್ರ ಬ್ಯಾಡ ಅನ್ರಿ. ಡ್ಯೂಟಿ ಐತಿ, ಓಡಿಸಾಕ ಹೊತ್ತಿಲ್ಲ ಅನ್ರಿ. ಈ ತಟ್ಟಿ ಮಾತು ಮಾತ್ರ ಎತ್ತಬ್ಯಾಡ್ರಿ. ನನ್ನ ಮ್ಯಾಲೆ ಆಣಿ."

ಮಾರೇಶ ಆಯಿತು ಎಂದ. ಹಾಗೆ ಹೇಳುವಾಗ ಅವನಿಗೆ ನಿಜಕ್ಕೂ ಸುಮ್ಮನಿರುವ ಮನಸ್ಸಿತ್ತು.

ಭಾನುವಾರ ಕೆಂಪು ಕಾರು ಗುಟುರು ಹಾಕುತ್ತ ಕೂಡ್ಲಿಗಿಯ ಓಣಿಗೆ ಬಂತು. ಮಗಳನ್ನು ನೋಡುವ ಆಸೆಗೆ ತಿಪ್ಪೇರುದ್ರಮ್ಮನೂ ಬಂದಿದ್ದಳು. ಅವರು ಇಳಿದು ಒಳಗೆ ಬರುವ ಹೊತ್ತಿಗೆ ಮಾರೇಶ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಗೀತಮ್ಮ ಹೋಳಿಗೆ ಮಾಡಿದ್ದಳು. ಮನೆ ತುಂಬ ಬೆಲ್ಲ ಏಲಕ್ಕಿಯ ವಾಸನೆ. ಎಲೆ ಹಾಕುವ ಮೊದಲು ಅಂಜಿನಿ ಕಾರಿನ ಕೀಲಿ ತೆಗೆದು ಮಾವನ ಮುಂದೆ ಇಟ್ಟ.

"ತಗೊಳ್ರಿ ಮಾವ. ಮನಿ ಗಾಡಿ ಮನ್ಯಾಗ ಉಳೀತು."

ಮಾರೇಶ ಡ್ಯೂಟಿಯ ಮಾತು ಹೇಳಲು ಬಾಯಿ ತೆರೆದ. ಎದುರಿಗೆ ಆ ನಗು ಮುಖ ಇತ್ತು, ಕೇಳುವ ಮೊದಲೇ ಟಿಕೆಟ್ ಎತ್ತಿ ಹಿಡಿದವನ ನಗು. ನಾಲಿಗೆ ತುರಿಸಿತು.

"ನೀರು ಕುಡಿದ ಗಾಡಿ ನನಗ್ಯಾಕಪ್ಪ?"

"ಅಂದ್ರ?"

ಗೀತಮ್ಮ ಬಾಗಿಲಲ್ಲಿ ನಿಂತು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಳು. ಮಾರೇಶ ಅವಳ ಕಡೆ ನೋಡಲಿಲ್ಲ. ಅಟ್ಟದ ಮೇಲಿಟ್ಟಿದ್ದ ತಟ್ಟೆ ತಂದು ಅಂಜಿನಿಯ ಮುಂದೆ ಇಟ್ಟ. ಕೆಂಪು ಹಳದಿ ಎರಡೂ ಒಣಗಿ ಹಾಗೇ ಇದ್ದವು. ಕೋರ್ಟಿನ ಸಾಕ್ಷಿಯ ಹಾಗೆ ಜೋಪಾನ ಮಾಡಿದ್ದ. ಪಕ್ಕದಲ್ಲಿ ಸುಣ್ಣದ ಡಬ್ಬಿ ಇಟ್ಟು, ಹೊಸದಾಗಿ ಒಂದು ಬೆರಳು ಸುಣ್ಣ ತಟ್ಟೆಗೆ ಸವರಿ, ನೀರು ಹನಿಸಿ, ಎಲ್ಲವನ್ನೂ ವಿವರಿಸಿ ಹೇಳಿದ. ಕೊನೆಗೆ, "ಖರೇ ಅಂದ್ರ ಜಗುಲಿ ಮ್ಯಾಲಿನ ಭಂಡಾರ ಮುಟ್ಟಿ ಹೇಳು, ಹೊಳಿ ನೀರು ಹೊಕ್ಕಿಲ್ಲ ಅಂತ" ಎಂದ.

 ಆ ಸೀಮೆಯಲ್ಲಿ ಭಂಡಾರ ಮುಟ್ಟು ಎಂದು ಕೇಳುವುದು ದಾಯಾದಿಗಳ ಹೊಲದ ಜಗಳದಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ. ಉಣ್ಣಲು ಕೂತ ಹೆಂಡತಿಯ ತಮ್ಮನನ್ನು ಯಾರೂ ಕೇಳುವುದಿಲ್ಲ.

ಅಂಜಿನಿ ಅಕ್ಕನ ಮುಖ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಎದ್ದುಹೋಗಿ ಜಗುಲಿಯ ಮೇಲಿದ್ದ ಭಂಡಾರದ ಬಟ್ಟಲು ತಂದ, ಅಂಗೈ ತುಂಬ ತೆಗೆದುಕೊಂಡ.

"ಈ ಭಂಡಾರದ ಆಣಿ, ನನ್ನ ಗಾಡ್ಯಾಗ ಹೊಳಿ ನೀರು ಹೊಕ್ಕಿಲ್ಲ. ಸಾಕಾ ಮಾವ? ಇನ್ನೊಂದೂ ಕೇಳ್ರಿ. ಇದೇ ಭಂಡಾರದ ಆಣಿ, ಈ ಮನಿ ಹೊಸ್ತಿಲ ಇನ್ನ ನಾ ತುಳಿಯಂಗಿಲ್ಲ."

ಅವನು ಮುಷ್ಟಿ ಬಿಗಿದ. ಬೆರಳ ಸಂದಿಯಿಂದ ಭಂಡಾರ ಸೋರಿ ತಟ್ಟೆಯ ಮೇಲೆ, ನೆಲದ ಮೇಲೆ ಬಿತ್ತು. ಉಳಿದದ್ದನ್ನು ಬಟ್ಟಲಿಗೆ ಹಾಕಿ, ಕೀಲಿ ಎತ್ತಿಕೊಂಡು, "ಏಳವ್ವ" ಎಂದ. ತಾಯಿಯ ರಟ್ಟೆ ಹಿಡಿದು ಹೊರಗೆ ನಡೆದ.

ಗೀತಮ್ಮ ದೇವರ ಭಂಡಾರ ಕಾಲಿಗೆ ಸಿಗಬಾರದು ಎಂದು ಕೂತು, ಕೈಯಿಂದ ಬಳಿಯತೊಡಗಿದಳು. ತಟ್ಟೆಯ ಹತ್ತಿರ ಬಂದಾಗ ಕೈ ನಿಂತಿತು.

"ಇಲ್ಲಿ ನೋಡ್ರಿ."

ಹಸಿ ಸುಣ್ಣದ ಮೇಲೆ ಬಿದ್ದ ಭಂಡಾರ ನೀರಿನಲ್ಲಿ ಕರಗಿ ಮುದ್ದೆಯಾಗಿತ್ತು. ಹಳದಿಯಾಗಿಯೇ ಇತ್ತು. ಮಾರೇಶ ಬೆರಳಿನಿಂದ ತಿಕ್ಕಿದ. ಇನ್ನಷ್ಟು ಸುಣ್ಣ ಹಚ್ಚಿ ತಿಕ್ಕಿದ. ಕೆಂಪು ಬರಲಿಲ್ಲ. ಬಟ್ಟಲಿಂದ ಇನ್ನೊಂದು ಚಿಟಿಕೆ ಹಾಕಿ ನೋಡಿದ. ಅದೂ ಹಳದಿ. ದಾರಿಯ ಯಾವುದೋ ಅಂಗಡಿಯಲ್ಲಿ ಬಣ್ಣ ಹಾಕಿದ ಹಿಟ್ಟನ್ನು ಪಾಕೀಟು ಕಟ್ಟಿ ಮಾರಿದ್ದರು. ಅತ್ತೆ ಅದೇ ಪಾಕೀಟನ್ನು ಕಾರಿಗೆ ಎರಚಿದ್ದಳು, ಅದರಲ್ಲೇ ಉಳಿದದ್ದನ್ನು ಮಗಳ ಜಗುಲಿಗೆ ಕಳಿಸಿದ್ದಳು. ಅಂಜಿನಿ ಅಂದೇ ಹೇಳಿದ್ದ. ದಿನಾ ಬೆಳಿಗ್ಗೆ ಮಾರೇಶ ಹಣೆಗೆ ಇಟ್ಟುಕೊಂಡು ಡ್ಯೂಟಿಗೆ ಹೋಗುತ್ತಿದ್ದದ್ದು ಅದನ್ನೇ.

"ನಮ್ಮ ಜಗುಲಿ ಮ್ಯಾಲೂ ಹೊಳಿ ಬಂದಿತ್ತೇನ್ರಿ?" ಎಂದಳು ಗೀತಮ್ಮ.

ಮಾರೇಶ ಬರಿಗಾಲಲ್ಲಿ ಹೊರಗೆ ಓಡಿದ. ಕಾರು ಇನ್ನೂ ಹೋಗಿರಲಿಲ್ಲ. ಹೋಗಲು ಸಾಧ್ಯವೂ ಇರಲಿಲ್ಲ. ತಿಪ್ಪೇರುದ್ರಮ್ಮ ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯ ಮೇಲೆ ಇಟ್ಟು ಬಾಗಿಲು ಹಿಡಿದು ನಿಂತಿದ್ದಳು. ಅಂಜಿನಿ ಅವಳ ಕಂಕುಳಿಗೆ ಕೈ ಕೊಟ್ಟು ಇಳಿಸುತ್ತಿದ್ದ. ಮೊಣಕಾಲು ಮಡಚಿದ ಕೂಡಲೇ "ಅಯ್ಯಯ್ಯಪ್ಪ" ಎಂದು ಅವಳು ಮತ್ತೆ ನೆಟ್ಟಗಾಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಮಾರೇಶನಿಗೆ ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಮೊಣಕಾಲು ನೋವಿಗೆ ಯಾರಾದರೂ ಕಾರು ಮಾರುತ್ತಾರೇನು ಎಂದು ಕೇಳಿದವನು ಅವನೇ.

ಓಡಿಹೋಗಿ ಇನ್ನೊಂದು ಕಡೆಯಿಂದ ಅತ್ತೆಗೆ ಕೈ ಕೊಟ್ಟ. ಇಬ್ಬರೂ ಸೇರಿ ಅವಳನ್ನು ಸೀಟಿಗೆ ಇಳಿಸಿದರು. ಆಮೇಲೆ ರಸ್ತೆಯ ನಡುವೆ ನಿಂತು, ಆಚೀಚೆ ಮನೆಯವರು ಕೇಳುವಂತೆಯೇ, ಮಾರೇಶ ಎಲ್ಲವನ್ನೂ ಹೇಳಿದ.

"ತಪ್ಪಾತು ಅಂಜಿನಿ. ಭಂಡಾರನ ಖೊಟ್ಟಿ, ನೀ ಖೊಟ್ಟಿ ಅಲ್ಲ. ಖೊಟ್ಟಿ ಭಂಡಾರದ ಮ್ಯಾಲೆ ಮಾಡಿದ ಆಣಿ ತಾಗಂಗಿಲ್ಲ. ಒಳಗ ಬಾ. ನಿಮ್ಮಕ್ಕ ಹೋಳಿಗಿ ಮಾಡ್ಯಾಳ."

ಅಂಜಿನಿ ತಾಯಿಯ ಸೆರಗು ಕಾರಿನೊಳಗೆ ಸರಿಸಿ ನೆಟ್ಟಗೆ ನಿಂತ. ದನಿಯಲ್ಲಿ ಸಿಟ್ಟು ಇರಲಿಲ್ಲ, ಮಾರೇಶನಿಗೆ ಅದೇ ಕಷ್ಟವಾಯಿತು.

"ಮಾವ, ಒಂದ ಭಂಡಾರ ಹಿಡಿದು ಎರಡು ಆಣಿ ಮಾಡೀನಿ. ಹೊಸ್ತಿಲದ ಆಣಿ ತಾಗಂಗಿಲ್ಲ ಅಂದ್ರ ಗಾಡಿ ಆಣಿನೂ ತಾಗಂಗಿಲ್ಲ. ನೀರು ಹೊಕ್ಕಿಲ್ಲ ಅಂದಿದ್ದೂ ಸುಳ್ಳಾತು. ಎರಡೂ ಖರೇ, ಇಲ್ಲಾ ಎರಡೂ ಖೊಟ್ಟಿ. ನಿಮಗ ಯಾವ್ದು ಬೇಕು ಹೇಳ್ರಿ."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಎಂದಳು ಒಳಗೆ ಕೂತ ತಿಪ್ಪೇರುದ್ರಮ್ಮ. ಅದು ಅಳಿಯನಿಗೋ ಮಗನಿಗೋ ಅವಳೇ ಬಲ್ಲಳು.

ಮಾರೇಶ ತಿರುಗಿ ನೋಡಿದ. ಗೀತಮ್ಮ ಹೊಸ್ತಿಲ ಒಳಗೆ ನಿಂತಿದ್ದಳು. ಅವಳ ಸಲುವಾಗಿ ಎರಡೂ ಖೊಟ್ಟಿ ಎನ್ನಬಹುದಿತ್ತು. ತಮ್ಮ ಒಳಗೆ ಬರುತ್ತಿದ್ದ, ಆದರೆ ಸುಳ್ಳುಗಾರನಾಗಿ. ಎರಡೂ ಖರೇ ಎಂದರೆ ಮುಂದೆಂದೂ ಅವನು ಈ ಬಾಗಿಲು ದಾಟುವಂತಿಲ್ಲ. ಗೀತಮ್ಮ ಗಂಡನ ಕಣ್ಣನ್ನೇ ನೋಡುತ್ತ ನಿಧಾನವಾಗಿ ಹೂಂ ಎನ್ನುವಂತೆ ತಲೆ ಆಡಿಸಿದಳು. ತಮ್ಮನ ಮಾತು ಉಳಿಯಲಿ ಎಂದು ಅವಳೇ ಬಾಗಿಲು ಬಿಟ್ಟುಕೊಟ್ಟಳು.

"ಎರಡೂ ಖರೇ" ಎಂದ ಮಾರೇಶ. ಸಾಕ್ಷಿಯಿಲ್ಲದೆ, ಸುಣ್ಣವಿಲ್ಲದೆ, ಒಬ್ಬ ಮನುಷ್ಯನ ಮಾತನ್ನು ಅವನು ನಂಬಿದ್ದು ಅದೇ ಮೊದಲು. ಅದಕ್ಕೆ ತೆತ್ತ ಬೆಲೆ ಅವನ ಹೆಂಡತಿಯದು. ಈ ಸಂಕಟ ಅವನಿಗೆ ಸಾಯುವವರೆಗೂ ಇರುತ್ತದೆ, ಇರಲೂ ಬೇಕು.

"ಕೀಲಿ ಕೊಡು" ಎಂದ ಆಮೇಲೆ. "ಗಾಡಿ ನಂದು."

ಅಂಜಿನಿ ಅವನ ಮುಖವನ್ನು ಅನುಮಾನದಿಂದ ನೋಡಿದ. ಕೊಡಬೇಕೋ ಬೇಡವೋ ಎಂದು ಯೋಚಿಸುವ ಸರದಿ ಈಗ ಅವನದು. "ಗೇರ್‌ಬಾಕ್ಸು ಕೈಕೊಡ್ತೈತಿ ಮಾವ. ಹೇಳೀನಿ."

"ಹೇಳೀಯಪ್ಪ. ಎಲ್ಲಾ ಹೇಳೀಯ. ಏರು, ನಿಮ್ಮಿಬ್ರನ್ನೂ ಹಡಗಲಿಗೆ ನಾನ ಬಿಟ್ಟು ಬರ್ತೀನಿ."

ಗೇರ್‌ಬಾಕ್ಸು ಹೇಳಿದಂತೆಯೇ ಕೈಕೊಟ್ಟಿತು. ಗುಡೇಕೋಟೆಯ ಗುಡ್ಡದ ದಾರಿಯಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ, ಜಗ್ಗಿ ಜಗ್ಗಿ ನಿಂತಿತು. ಎಸಿಯೂ ಆಗಾಗ ಮಲಗುತ್ತದೆ. ಅಂಜಿನಿ ಹೇಳದೆ ಬಿಟ್ಟ ಒಂದು ರೋಗವೂ ಇದುವರೆಗೆ ಕಂಡಿಲ್ಲ. ಅಷ್ಟು ಜೋರಾಗಿ ಓಡುವ ಕಾರು ಈಗ ಹೆಚ್ಚಾಗಿ ಮಾರೇಶನ ಮನೆಯ ಮುಂದೆಯೇ ನಿಂತಿರುತ್ತದೆ.

ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಅಂಜಿನಿ ತನ್ನ ಹೊಸ ಎತ್ತರದ ಗಾಡಿಯಲ್ಲಿ ಬಂದ. ಹೊಸ್ತಿಲು ತುಳಿಯಲಿಲ್ಲ. ನೆಟ್ಟಗೆ ಹೋಗಿ ಕೆಂಪು ಕಾರಿನ ಮುಂದಿನ ಸೀಟಿನಲ್ಲಿ ಕೂತ. ಹೊಸ್ತಿಲ ಒಳಗಿನಿಂದ ಗೀತಮ್ಮ ಎರಡು ತಟ್ಟೆ ಕೊಟ್ಟಳು, ಮಾರೇಶ ತಾನೇ ಹೊತ್ತುಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಬೀಗರು ಕೂತು ಉಣ್ಣುವ ಪಡಸಾಲೆ ಈಗ ಅದೇ. ಓಣಿಯ ಜನ ನೋಡಿ ನಕ್ಕರು, ನಗಲಿ.

ಎರಡನೇ ಹೋಳಿಗೆ ಮುರಿಯುತ್ತ ಅಂಜಿನಿ ಕಾಲಿನಿಂದ ಮ್ಯಾಟು ಸರಿಸಿದ. ಸೀಟಿನ ಪಟ್ಟಿಯ ಸಂದಿಯಲ್ಲಿ ಆ ಹಳದಿ ಹಾಗೆಯೇ ಕೂತಿತ್ತು.

"ಇದನ್ನ ಇನ್ನೂ ತೊಳಸಿಲ್ಲೇನು ಮಾವ?"

ಮಾರೇಶ ಅವನ ತಟ್ಟೆಗೆ ತುಪ್ಪ ಹಾಕಿದ.

"ಭಂಡಾರ ಅಲ್ಲೇನಪ್ಪ" ಎಂದ. "ಯಾರು ತೊಳೀತಾರ?"